ಕರಿಯಮ್ಮನ ಹೆಸರೂ ಕಲ್ಲಿನ ಮೇಲಿರಲಿ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಲಕ್ಷ್ಮಿಯ ಕಡೆಗಲ್ಲ, ಕಾಳಿಯ ಗರ್ಭಗುಡಿಯ ಬಾಗಿಲಿನ ಆಚೆ ಈಚೆ ನಿಂತಿರುವ ಎರಡು ಬೇತಾಳಗಳ ಕಡೆಗೆ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಹೊಟ್ಟೆ ಬೆನ್ನಿಗೆ ಹತ್ತಿದೆ, ಮೈಮೇಲೆ ನೂಲಿನೆಳೆಯಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ಕಾಲದಲ್ಲಿ, ದೂರದ ಪ್ರವಾಸಕ್ಕೆ ದುಡ್ಡು ಸೇರದ ವರ್ಷಗಳಲ್ಲಿ ಮಕ್ಕಳನ್ನು ಇಲ್ಲಿಗೇ ಕರೆತರುತ್ತಿದ್ದೆ. ಹಾಸನದಿಂದ ಬೇಲೂರು ರಸ್ತೆ ಹಿಡಿದರೆ ಬುತ್ತಿ ಬಿಚ್ಚುವ ಹೊತ್ತಿಗೆ ತಲುಪಿ, ಸಂಜೆ ದನ ಮನೆಗೆ ಬರುವುದರೊಳಗೆ ವಾಪಸಾಗಬಹುದು. ಹುಡುಗಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು, ಹುಡುಗರು ಬೇತಾಳನಂತೆ ಹೊಟ್ಟೆ ಒಳಕ್ಕೆಳೆದು ನಿಲ್ಲುತ್ತಿದ್ದರು. ಆಮೇಲೆ ಅವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು: "ಲಕ್ಷ್ಮಿ ಮನೇಲಿ ಇವ್ರಿಗೇನು ಕೆಲ್ಸ ಸಾರ್?"

ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಳಪದ ಕಲ್ಲು, ಹೊಯ್ಸಳ ಶೈಲಿ, ಕಟ್ಟಿಸಿದವರು ಯಾರು. ಪರೀಕ್ಷೆಗೆ ಅಷ್ಟು ಸಾಕು.

ಈ ಗುಡಿ ಬೇಲೂರಿನ ಚೆನ್ನಕೇಶವನಿಗಿಂತ ಹಿರಿಯದು. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಇದು ಅದಕ್ಕಿಂತ ಮೂರು ನಾಲ್ಕು ವರ್ಷ ಹಿಂದಿನದು, ವಿಷ್ಣುವರ್ಧನ ಪಟ್ಟಕ್ಕೆ ಬಂದ ಹೊಸತರದ್ದು. ಕಟ್ಟಿಸಿದವನು ರಾಜನಲ್ಲ. ಕುಲ್ಲಹಣ ರಾಹುತನೆಂಬ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ. ಕಲ್ಲುಕೆಲಸದ ಯಜಮಾನ ಮಲ್ಲೋಜ ಮಾಣಿಯೋಜ. ದಂಪತಿಗಳು ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ಈ ಗದ್ದೆಬಯಲಿಗೆ ಬರಮಾಡಿಕೊಂಡು, ಊರನ್ನೂ ಅಭಿನವ ಕೊಲ್ಲಾಪುರವೆಂದು ಕರೆದರು. ಆದರೆ ನಾಲ್ಕು ಗರ್ಭಗುಡಿಯ ಈ ಕಟ್ಟಡದಲ್ಲಿ ಲಕ್ಷ್ಮಿ ಒಬ್ಬಳೇ ಇಲ್ಲ. ಅಸುರನ ಮೇಲೆ ಕೂತ ಕಾಳಿಯಿದ್ದಾಳೆ, ಭೂತನಾಥನೆಂಬ ಲಿಂಗವಿದೆ, ಪ್ರಾಕಾರದ ಮೂಲೆಯಲ್ಲಿ ಭೈರವನಿಗೆ ಬೇರೆ ಗುಡಿಯಿದೆ. ಶಂಖ ಚಕ್ರ ಹಿಡಿದ ಸೌಮ್ಯಮುಖದ ದೇವಿಯ ನೆರೆಮನೆಯಲ್ಲಿ ಭೂತ, ಬೇತಾಳ, ಭೈರವರ ಸಂಸಾರ. ನಮ್ಮ ಸೀಮೆಯಲ್ಲಿ ಸೋಮನ ಕುಣಿತ ನೋಡಿದವರಿಗೆ ಈ ಬೇತಾಳ ಹೊಸಬನಲ್ಲ. ಕೆಂಪು ಮುಖದ ಮರದ ಸೋಮನೂ ಹೀಗೆಯೇ ಗ್ರಾಮದೇವತೆಯ ಕಾವಲಿನವನು. ಕೆಂಚರಾಯ, ಧೂತರಾಯ ಎಲ್ಲರೂ ಅಮ್ಮನ ಬಾಗಿಲಿನವರೇ. ನನ್ನ ತಿಳಿವಳಿಕೆ ಇಷ್ಟು: ದೊಡ್ಡ ದೇವಿ ಬರುವಾಗ ಈ ನೆಲದ ಉಗ್ರಶಕ್ತಿಗಳನ್ನು ಯಾರೂ ಓಡಿಸಲಿಲ್ಲ. ಅವಕ್ಕೆ ಒಂದು ಕೋಣೆ ಕೊಟ್ಟರು, ಬಾಗಿಲಲ್ಲಿ ಅವುಗಳ ಜನವನ್ನೇ ನಿಲ್ಲಿಸಿದರು.

ಇದನ್ನೆಲ್ಲ ಈಗ ಬರೆಯಲು ಕಾರಣ ಎರಡು. ಒಂದು, ನನ್ನ ಅಕ್ಕನ ಮೊಮ್ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಗೇಮ್‌ಗಳಿಗೆ ಕಥೆ ಬರೆಯುವ ಕೆಲಸ ಅವನದು. ಅವನ ಹೊಸ ಕಥೆಯಲ್ಲಿ ಒಂದು ಕಲ್ಪನೆಯ ಲೋಕ, ಅಲ್ಲೊಬ್ಬ ಚಕ್ರವರ್ತಿ, ಚಕ್ರವರ್ತಿಗೊಂದು ಸೂರ್ಯಧರ್ಮ. ಅದು ಕಾಡಿನ, ಕೆರೆಯ, ಬೆಟ್ಟದ ದೇವರನ್ನೆಲ್ಲ ನುಂಗುತ್ತಾ ಹೋಗಬೇಕು. ಅವನು ಬರೆದಿದ್ದ ಪ್ರಕಾರ ಸೈನ್ಯ ಬರುತ್ತದೆ, ಬನ ಸುಡುತ್ತದೆ, ವಿಗ್ರಹ ಒಡೆಯುತ್ತದೆ. ನಾನು ಹೇಳಿದೆ, "ಇಷ್ಟು ಖರ್ಚು ಯಾಕಪ್ಪ? ಸುಟ್ಟರೆ ಆ ಜನ ಹಗೆ ಸಾಧಿಸ್ತಾರೆ. ನಿನ್ನ ಸೂರ್ಯನಿಗೆ ಆ ಕೆರೆಯಮ್ಮನನ್ನ ಮದುವೆ ಮಾಡ್ಸು. ಬೆಟ್ಟದ ದೇವರನ್ನ ಸೂರ್ಯನ ಮಗ ಅನ್ನು. ಅವರಿಗೆ ಎರಡು ಎಕರೆ ಗದ್ದೆ ಉಂಬಳಿ ಬಿಡು, ದೀಪದೆಣ್ಣೆಗೆ. ಮೂರು ತಲೆಮಾರು ಕಳೀಲಿ, ಆ ಊರಿನವರೇ ಬಂದು ನಮ್ಮಮ್ಮ ಮೊದಲಿಂದ್ಲೂ ಸೂರ್ಯನ ಹೆಂಡ್ತಿನೇ ಅಂತಾರೆ." ಅವನು ಸ್ವಲ್ಪ ಹೊತ್ತು ಯೋಚಿಸಿ, "ಯುದ್ಧ ಇಲ್ದಿದ್ರೆ ಗೇಮ್ ಹೆಂಗೆ ತಾತ?" ಅಂದ. ಅದೂ ನ್ಯಾಯವೇ.

ಎರಡನೆಯ ಕಾರಣ ನಮ್ಮೂರಿನ ಕರಿಯಮ್ಮ. ಅವಳ ಸಮಾಚಾರಕ್ಕೆ ಆಮೇಲೆ ಬರುತ್ತೇನೆ.

ಮದುವೆ ಮಾಡಿಸಿ ಒಳಗೆ ಸೇರಿಸಿಕೊಳ್ಳುವ ಉಪಾಯ ನಾನು ಹೊಸೆದದ್ದಲ್ಲ. ಹಂಪಿ ನೋಡಿ. ತುಂಗಭದ್ರೆಯ ದಡದಲ್ಲಿ ಮೊದಲು ಇದ್ದವಳು ಪಂಪೆ. ಜಾಗದ ಹೆಸರೇ ಅವಳದು. ವಿರೂಪಾಕ್ಷ ಬಂದದ್ದು ಆಮೇಲೆ, ಬಂದದ್ದು ಗಂಡನಾಗಿ. ಇವತ್ತಿಗೂ ಅಲ್ಲಿ ಫಲಪೂಜೆ ಎಂದು ಅವರ ನಿಶ್ಚಿತಾರ್ಥ ಮಾಡುತ್ತಾರೆ. ವಿಜಯನಗರದ ಅರಸರ ತಾಮ್ರಪಟಗಳ ಕೊನೆಗೆ ಬೀಳುವ ಅಂಕಿತ ಮಾತ್ರ 'ಶ್ರೀ ವಿರೂಪಾಕ್ಷ'. ಮನೆ ಹೆಂಡತಿಯದು, ಸಹಿ ಗಂಡನದು.

ಹಾಗೆಂದು ಯಾವಾಗಲೂ ದೊಡ್ಡವರದೇ ಮೇಲುಗೈ ಎನ್ನುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಂಗನಾಥನನ್ನು ಬಾವ ಎನ್ನುತ್ತಾರೆ, ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನೆಂದು. ಬಾವನನ್ನು ಚೇಷ್ಟೆ ಮಾಡಬಹುದು, ಬೈಯಬಹುದು, ಹಾಡಿನಲ್ಲಿ ಮಾನ ಹರಾಜು ಹಾಕಬಹುದು. ವೈಕುಂಠದವನನ್ನು ಅಷ್ಟು ಹತ್ತಿರಕ್ಕೆ ಎಳೆದುಕೊಂಡವರನ್ನು 'ಸೋತವರು' ಎನ್ನಲು ನನಗೆ ಬಾಯಿ ಬಾರದು. ಅಷ್ಟೇಕೆ, ದೊಡ್ಡಗದ್ದವಳ್ಳಿಗೆ ಬಂದ ಕೊಲ್ಲಾಪುರದ ಮಹಾಲಕ್ಷ್ಮಿಯನ್ನೇ ನೋಡಿ. ಅವಳ ಸ್ವಂತ ಊರಿನ ಜನರ ಬಾಯಲ್ಲಿ ಅವಳು ಅಂಬಾಬಾಯಿ. ಅವಳು ವಿಷ್ಣುವಿನ ಹೆಂಡತಿಯೋ ಶಿವನ ಶಕ್ತಿಯೋ ಎಂಬ ಜಗಳ ಅಲ್ಲಿ ಇನ್ನೂ ನಿಂತಿಲ್ಲ. ನಮ್ಮ ಹಳೇ ಮೈಸೂರು ಸೀಮೆಗೆ ಇಳಿದು ಬಂದ ಮೇಲಂತೂ ಎಷ್ಟೋ ಹಳ್ಳಿಗಳಲ್ಲಿ ಅವಳು ಕೊಲ್ಲಾಪುರದಮ್ಮನಾಗಿ, ಮಾರಮ್ಮನ ಸಾಲಿನಲ್ಲಿ ಕೂತು ತಂಬಿಟ್ಟಿನಾರತಿ ಇಸಕೊಳ್ಳುತ್ತಾಳೆ. ಹಳ್ಳಿಯೂ ನುಂಗುತ್ತದೆ. ಸದ್ದಿಲ್ಲದೆ ನುಂಗುತ್ತದೆ, ಅಷ್ಟೇ.

ಹೊಯ್ಸಳರ ವಂಶದ ಕಥೆಯೇ ಇದಕ್ಕೊಂದು ಸಾಕ್ಷಿ. ಸಳ ಹುಲಿ ಹೊಡೆದದ್ದು ಎಲ್ಲರಿಗೂ ಗೊತ್ತು, ಎಲ್ಲಿ ಹೊಡೆದನೆಂಬುದು ಯಾರಿಗೂ ನೆನಪಿರುವುದಿಲ್ಲ. ಸೊಸೆವೂರಿನಲ್ಲಿ, ವಾಸಂತಿಕಾದೇವಿಯ ಗುಡಿಯ ಬಳಿ. ಸೊಸೆವೂರು ಎಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. 'ಹೊಯ್ ಸಳ' ಎಂದವರು ಜೈನ ಮುನಿ ಸುದತ್ತರು. ಮಲೆನಾಡಿನ ಒಬ್ಬ ದೇವಿ, ಅವಳ ಅಂಗಳದಲ್ಲಿ ಜೈನ ಗುರು, ಆಮೇಲೆ ವೈಷ್ಣವರೆನಿಸಿಕೊಂಡ ಮೊಮ್ಮಕ್ಕಳು. ಅಂಗಡಿಯಲ್ಲಿ ಬಸದಿಗಳು ಹಾಳು ಸುರಿಯುತ್ತಿದ್ದ ಕಾಲದಲ್ಲೂ ವಸಂತಮ್ಮನಿಗೆ ಪೂಜೆ ನಿಲ್ಲಲಿಲ್ಲ.

ಇನ್ನು ಹಾಸನದ ಹಾಸನಾಂಬೆ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆಗೆದು, ಬಲಿಪಾಡ್ಯಮಿಯಾದ ಮೇಲೆ ಮುಚ್ಚುವ ಗುಡಿ. ಬಾಗಿಲು ತೆಗೆಯುವಾಗ ಅರಸು ಮನೆತನದವರು ಬಾಳೆಕಂದು ಕಡಿಯುತ್ತಾರೆ. ಒಳಗಿರುವುದು ಶಿಲ್ಪಿ ಕಡೆದ ಮೂರ್ತಿಯಲ್ಲ, ಹುತ್ತದ ರೂಪ. ಕಥೆ ಹೇಳುವುದು ಹೀಗೆ: ಕಾಶಿಯಿಂದ ಸಪ್ತಮಾತೃಕೆಯರು ದಕ್ಷಿಣಕ್ಕೆ ಬಂದರು. ವೈಷ್ಣವಿ, ಮಾಹೇಶ್ವರಿ, ಕೌಮಾರಿ ಇಲ್ಲಿ ಹುತ್ತದಲ್ಲಿ ನೆಲೆಸಿದರು. ಬ್ರಾಹ್ಮಿ ಆಲೂರು ಕಡೆಯ ಹೊಸಕೋಟೆಗೆ ಹೋಗಿ ಕೆಂಚಮ್ಮನಾದಳು. ಇಂದ್ರಾಣಿ, ವಾರಾಹಿ, ಚಾಮುಂಡಿ ಪೇಟೆಯ ದೇವಿಗೆರೆಯಲ್ಲಿ ಉಳಿದರು. ಕೇಳಲು ಚೆಂದವಾದ ಕಥೆ. ಆದರೆ ಹುತ್ತ ಕಾಶಿಯಿಂದ ಬರುವುದಿಲ್ಲ, ಇದ್ದ ನೆಲದಿಂದಲೇ ಏಳುತ್ತದೆ. ಮೂರು ಕಡೆ, ಮೂರು ಬಗೆಯ ಜನ, ತಮ್ಮ ತಮ್ಮ ಅಮ್ಮಂದಿರನ್ನು ಪೂಜಿಸುತ್ತಿದ್ದರು. ಯಾರೋ ಜಾಣರು ಪುರಾಣದ ಏಳು ಹೆಸರಿನ ಪಟ್ಟಿ ತಂದು ಹಂಚಿದರು ಎಂದೇ ನನ್ನ ಗುಮಾನಿ. ಹಂಚಿದ್ದರಿಂದ ಲಾಭವೂ ಆಯಿತು. ಹಾಸನಕ್ಕೂ ಹೊಸಕೋಟೆಗೂ ನಂಟಸ್ತಿಕೆ ಬೆಳೆಯಿತು, ಅಕ್ಕತಂಗಿಯರ ಊರು ಎನಿಸಿಕೊಂಡವು. ಜಾತ್ರೆಗೆ ಹೋಗಿಬರುವ ದಾರಿಯಾಯಿತು. ಕೆಂಚಮ್ಮ ಪಟ್ಟಿಯಲ್ಲಿ ಬ್ರಾಹ್ಮಿಯಾದರೂ ಕರೆಯುವವರಿಗೆ ಕೆಂಚಮ್ಮನಾಗಿಯೇ ಉಳಿದಳು. ಹಾಸನಾಂಬೆಯ ಅಂಗಳದಲ್ಲಿ ಈ ಪಟ್ಟಿಗೆ ಸೇರದ ಇನ್ನೊಬ್ಬಳಿದ್ದಾಳೆ. ಅತ್ತೆಯ ಕಾಟ ತಾಳದೆ ದೇವಿಯ ಬಳಿ ಬಂದು ಕಲ್ಲಾದ ಸೊಸೆ. ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಜರುಗುತ್ತಾಳಂತೆ. ಯಾವ ಸಂಸ್ಕೃತ ಸ್ಥಳಪುರಾಣವೂ ಅವಳಿಗೆ ಹೆಸರು ಕೊಡುವ ಗೋಜಿಗೆ ಹೋಗಿಲ್ಲ. ನಮ್ಮ ಹೆಂಗಸರು ಮಾತ್ರ ಗುಡಿಗೆ ಹೋದಾಗ ಅವಳ ಮುಂದೆ ನಿಲ್ಲದೆ ಬರುವುದಿಲ್ಲ. (ಈಗ ಹಾಸನಾಂಬೆಯ ದರ್ಶನಕ್ಕೆ ಪಾಸು, ಬ್ಯಾರಿಕೇಡು, ವಿಶೇಷ ಸಾಲು. ದೇವಿಯನ್ನು ಇತ್ತೀಚೆಗೆ ಒಳಗೆ ಸೇರಿಸಿಕೊಂಡಿರುವುದು ಜಿಲ್ಲಾಡಳಿತ ಎನ್ನುವವರೂ ಇದ್ದಾರೆ. ಅದು ಇನ್ನೊಂದು ದಿನದ ಮಾತು.)

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇದೇ ಕೆಲಸವನ್ನು ಜೈನರು ಇನ್ನೂ ನಾಜೂಕಾಗಿ ಮಾಡಿದ್ದಾರೆ. ಚಾವುಂಡರಾಯ ಗೊಮ್ಮಟನಿಗೆ ಕೊಡಗಟ್ಟಲೆ ಹಾಲು ಸುರಿದರೂ ಪಾದಕ್ಕೆ ಇಳಿಯಲಿಲ್ಲ. ಒಬ್ಬ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ತೊಟ್ಟು ಹಾಲು ಮೈಯೆಲ್ಲ ತೋಯಿಸಿ ಬೆಟ್ಟದಿಂದ ಹರಿಯಿತು. ಮುದುಕಿ ಕೂಷ್ಮಾಂಡಿನಿ ಯಕ್ಷಿ ಎಂದು ಆಮೇಲೆ ತಿಳಿಯಿತಂತೆ. ಗಂಗರ ಮಂತ್ರಿಯ ಹಮ್ಮು ಮುರಿಯಲು ಒಬ್ಬ ಅಜ್ಜಿ ಬೇಕಾದಳು. ಅಜ್ಜಿಗೆ ಮರ್ಯಾದೆ ಸಿಗಲು ಯಕ್ಷಿಯ ಪಟ್ಟ ಬೇಕಾಯಿತು. ಆದರೂ ಅವಳು ಪ್ರಾಕಾರದ ಹೊರಗೆ, ಗೊಮ್ಮಟನ ಎದುರಿಗೆ, ಕೈಯಲ್ಲಿ ಗುಳ್ಳಕಾಯಿ ಹಿಡಿದು ಗುಳ್ಳಕಾಯಜ್ಜಿಯಾಗಿಯೇ ನಿಂತಿದ್ದಾಳೆ. ಕಾಯಿ ತೆಗೆದು ಕಮಲ ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲವಲ್ಲ, ಆ ವಿವೇಕ ನನಗೆ ದೊಡ್ಡದಾಗಿ ಕಾಣುತ್ತದೆ.

ಬೇರೆ ದೇಶದವರೂ ಕಡಿಮೆಯೇನಿಲ್ಲ. ಕ್ರಿ.ಶ. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಪಾದ್ರಿಗೆ ಒಂದು ಪತ್ರ ಬರೆದರು. ಅಲ್ಲಿನವರ ಗುಡಿ ಕೆಡವಬೇಡಿ, ಒಳಗಿನ ವಿಗ್ರಹ ತೆಗೆದು ಪವಿತ್ರಜಲ ಚಿಮುಕಿಸಿ. ಹಬ್ಬಕ್ಕೆ ಎತ್ತು ಕಡಿಯುವವರು ಕಡಿಯಲಿ, ಆದರೆ ದೇವರ ಹೆಸರಿನಲ್ಲಿ ಊಟ ಮಾಡಲಿ ಎಂದು ಅದರ ಸಾರ. ರೋಮನರಂತೂ ಆ ನಾಡಿನ ಬಿಸಿನೀರಿನ ಊಟೆಯ ದೇವಿ ಸುಲಿಸ್‌ಳ ಹೆಸರಿಗೆ ತಮ್ಮ ಮಿನರ್ವಳನ್ನು ಜೋಡಿಸಿ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿದ್ದರು. ಆದರೆ ಗಮನಿಸಿ: ಸುಲಿಸ್ ಎಂಬ ಹೆಸರನ್ನು ಅವರು ಅಳಿಸಲಿಲ್ಲ. ಜೋಡಿ ಹೆಸರು ಕಲ್ಲಿನ ಮೇಲೆ ಉಳಿದದ್ದರಿಂದಲೇ ಇವತ್ತು ಅವಳ ವಿಷಯ ನಮಗೆ ತಿಳಿದಿದೆ.

ಈಗ ಕರಿಯಮ್ಮ. ನಮ್ಮೂರಿನ ಹೆಸರು ಬೇಡ, ನಮ್ಮ ಜಿಲ್ಲೆಯ ಯಾವ ಹೋಬಳಿಗೆ ಹೋದರೂ ಇಂಥದ್ದೊಂದು ಊರು ಸಿಗುತ್ತದೆ. ಕರಿಯಮ್ಮ ಎಂದರೆ ಕೆರೆ ಏರಿಯ ಕೆಳಗೆ, ಹೊಂಗೆಮರದಡಿ, ಹೆಂಚಿನ ಮಾಡಿನೊಳಗಿನ ಮೂರು ಗುಂಡುಕಲ್ಲು. ಅರಿಸಿನ ಕುಂಕುಮ ಮೆತ್ತಿ ಮೆತ್ತಿ ಕಲ್ಲಿನ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಪೂಜಾರಿಕೆ ಒಂದು ಮನೆಯವರದು, ಹಬ್ಬದ ರಾತ್ರಿ ಅಮ್ಮನ ಕಥೆ ಹೇಳುವ ಅಸಾದಿ ಇನ್ನೊಂದು ಮನೆಯವನು, ತಮಟೆ ಮತ್ತೊಂದು ಮನೆಯದು. ಮಾಗಿ ಕಳೆದ ಮೇಲೆ ಹಬ್ಬ. ಮೊದಲ ದಿನ ಮಡೆ, ಮರುದಿನ ಮರಿ. ಅಸಾದಿ ಅಮ್ಮನನ್ನು ಹೊಗಳುತ್ತಲೂ ಇದ್ದ, ಬೈಯುತ್ತಲೂ ಇದ್ದ. ನಾವು ಮಕ್ಕಳು ಬೈಗುಳಕ್ಕೆ ಕಾಯುತ್ತಿದ್ದೆವು.

ಐದಾರು ವರ್ಷದ ಹಿಂದೆ ಜೀರ್ಣೋದ್ಧಾರ ಸಮಿತಿಯಾಯಿತು. ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗರೇ ದುಡ್ಡು ಹಾಕಿದರು. ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಹೊಂಗೆಮರ ಹೋಯಿತು, ಆರ್‌ಸಿಸಿ ಗೋಪುರ ಬಂತು, ನೆಲಕ್ಕೆ ಗ್ರಾನೈಟ್ ಬಂತು. ಪುರೋಹಿತರನ್ನು ಕರೆಸಿ ಹೊಸ ಮೂರ್ತಿಯ ಪ್ರಾಣಪ್ರತಿಷ್ಠೆ ಮಾಡಿಸಿದರು. ಫ್ಲೆಕ್ಸಿನಲ್ಲಿ 'ಶ್ರೀ ಮಹಾಕಾಳಿಕಾಂಬಾ ಪರಮೇಶ್ವರಿ ಅಮ್ಮನವರು' ಎಂದಿತ್ತು. ಮೂರು ಗುಂಡುಕಲ್ಲನ್ನು, ಹಳೆಯ ಮೂರ್ತಿಗೆ ಮಾಡುವ ಕ್ರಮವೆಂದು, ಕೆರೆಗೆ ಬಿಟ್ಟರು. ಮರಿ ಕಡಿಯುವುದನ್ನು ಗುಡಿಯ ಹಿಂದಿನ ಭೂತಪ್ಪನ ಕಲ್ಲಿಗೆ ವರ್ಗಾಯಿಸಿದರು. ಆ ಹೊತ್ತಿನಲ್ಲಿ ಅಮ್ಮನಿಗೆ ಪರದೆ ಎಳೆಯುತ್ತಾರೆ. "ಅದು ಅಮ್ಮನಿಗಲ್ಲ, ಭೂತಪ್ಪನಿಗೆ" ಎಂಬುದು ಈಗಿನ ವಿವರಣೆ. ಅಸಾದಿಯ ಮಗನಿಗೆ ಯಾರೂ ಬರಬೇಡ ಎನ್ನಲಿಲ್ಲ. ಕಥೆ ಹೇಳುವ ಹೊತ್ತಿಗೆ ಆರ್ಕೆಸ್ಟ್ರಾ ಇಟ್ಟರು, ಅಷ್ಟೇ. ಅವನೇ ಬರುವುದು ಬಿಟ್ಟ.

ಎಂ.ಎನ್. ಶ್ರೀನಿವಾಸ್ ಕೊಡಗಿನ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥದ್ದಕ್ಕೆ ಸಂಸ್ಕೃತೀಕರಣ ಎಂದು ಹೆಸರಿಟ್ಟರು. ಕೆಳಗಿದ್ದವರು ಮೇಲೇರಲು ತಮ್ಮ ಆಚಾರವನ್ನೂ ದೇವರನ್ನೂ ಬದಲಿಸಿಕೊಳ್ಳುತ್ತಾರೆ ಎಂಬುದು ಅವರು ಕಂಡದ್ದು. ನಮ್ಮೂರಲ್ಲೂ ಮೇಲಿನವರು ಬಂದು ಕರಿಯಮ್ಮನನ್ನು ಕಸಿಯಲಿಲ್ಲ, ನಾವೇ ಕೈಯಾರೆ ಕೊಟ್ಟೆವು. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾ ರಾವ್ ಇದನ್ನು ಮೊದಲೇ ಕಂಡಿದ್ದರು. ಅವರ 1938ರ 'ಕಾಂತಾಪುರ' ಕಾದಂಬರಿಯಲ್ಲಿ ಊರನ್ನು ಕಾಯುವವಳು ಬೆಟ್ಟದ ಕೆಂಚಮ್ಮ. ಆದರೆ ಹರಿಕಥೆ ನಡೆಯುವುದು, ಗಾಂಧಿಯ ಮಾತು ಬರುವುದು, ಹೊಸದಾಗಿ ಲಿಂಗ ಸಿಕ್ಕಿ ಕಟ್ಟಿದ ಕಾಂತಾಪುರೀಶ್ವರಿಯ ಗುಡಿಯಲ್ಲಿ. ಕಲ್ಪನೆಯ ಊರು ಕಟ್ಟುವಾಗ ಅವರು ಎರಡು ಗುಡಿಯನ್ನೂ ಉಳಿಸಿಕೊಂಡರು. ಅಕ್ಕನ ಮೊಮ್ಮಗನಿಗೆ ಆ ಪುಸ್ತಕ ಕಳಿಸಿದ್ದೇನೆ.

ಈ ವಿಷಯ ಎತ್ತಿದರೆ ಎರಡು ಬಣದವರು ನನ್ನ ಮೇಲೆ ಬೀಳುತ್ತಾರೆ. ಒಬ್ಬರು, ಎಲ್ಲ ಒಂದೇ ಶಕ್ತಿ, ಕರಿಯಮ್ಮನೇ ಕಾಳಿ, ಇದರಲ್ಲಿ ನುಂಗುವ ಮಾತೆಲ್ಲಿ ಎನ್ನುವವರು. ಇನ್ನೊಬ್ಬರು, ಶಾಸನದ ಕಾಲದಿಂದ ಇಲ್ಲಿಯವರೆಗೆ ನಡೆದದ್ದೆಲ್ಲ ಬರೀ ದರೋಡೆ ಎನ್ನುವವರು. ಮೊದಲನೆಯವರಿಗೆ ನನ್ನ ಪ್ರಶ್ನೆ: ಎಲ್ಲ ಒಂದೇ ಆಗಿದ್ದರೆ ಕರಿಯಮ್ಮ ಎಂಬ ಹೆಸರೇ ಬೋರ್ಡಿನ ಮೇಲಿದ್ದರೆ ಏನು ಕಷ್ಟ? ಎರಡನೆಯವರಿಗೆ: ದೊಡ್ಡಗದ್ದವಳ್ಳಿಯ ಬೇತಾಳವನ್ನು ಒಮ್ಮೆ ನೋಡಿ ಬನ್ನಿ. ಅದು ಕೊಟ್ಟು ತೆಗೆದುಕೊಂಡ ವ್ಯವಹಾರ. ವ್ಯವಹಾರದಲ್ಲಿ ಸಮಪಾಲು ಇತ್ತೆಂದು ನಾನು ಹೇಳುತ್ತಿಲ್ಲ. ದೊಡ್ಡವರು ದೊಡ್ಡ ಪಾಲನ್ನೇ ಹೊಡೆದರು. ಆದರೆ ಚಿಕ್ಕವರ ಪಾಲು ಕಲ್ಲಿನಲ್ಲಿ ಕಾಣುವಂತೆ ಉಳಿಯಿತು. ಒಂಬೈನೂರು ವರ್ಷವಾದ ಮೇಲೂ ಒಂದು ಮಗು ಬಂದು, ಇವರಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ನಮ್ಮೂರ ಗ್ರಾನೈಟಿನ ಮೇಲೆ ಕೇಳಲು ಏನೂ ಉಳಿದಿಲ್ಲ.

2020ರ ನವೆಂಬರಿನಲ್ಲಿ ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹ ತುಂಡಾಗಿ ಬಿದ್ದಿದ್ದು ಕಂಡಾಗ ಜಿಲ್ಲೆಯೇ ಮರುಗಿತು. ಪತ್ರಿಕೆಗಳು ಬರೆದವು, ಜನ ಸಿಟ್ಟಾದರು. ಪುರಾತತ್ವ ಇಲಾಖೆಯವರು ತುಂಡುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು. ಮರುಗಬೇಕಾದದ್ದೇ. ಆದರೆ ಮಂಗಳವಾದ್ಯ ಊದಿಸಿ ಕೆರೆಗೆ ಬಿಟ್ಟ ಗುಂಡುಕಲ್ಲುಗಳಿಗೆ ಯಾರೂ ಮರುಗುವುದಿಲ್ಲ, ಅವು ಹೊಯ್ಸಳರವಲ್ಲವಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾನೂ ಸಿಹಿ ಹಂಚಿದವನೇ. ಪಟ್ಟಿಗೆ ಸೇರದ ಕಲ್ಲುಗಳ ಲೆಕ್ಕ ಇಡುವವರು ಯಾರು ಎಂಬುದು ನನ್ನ ತಕರಾರು.

ನಾನು ಕೇಳುವುದು ದೊಡ್ಡದೇನಲ್ಲ. ಬಲಿ ಮತ್ತೆ ಅಮ್ಮನ ಮುಂದೆಯೇ ಆಗಲಿ ಎನ್ನುತ್ತಿಲ್ಲ, ಅದಕ್ಕೆ 1959ರ ಕಾನೂನಿದೆ. ಗೋಪುರ ಕೆಡವಿ ಎನ್ನುತ್ತಿಲ್ಲ. ಧಾರ್ಮಿಕ ದತ್ತಿ ಇಲಾಖೆಯೋ ಶಾಸಕರ ನಿಧಿಯೋ ಜೀರ್ಣೋದ್ಧಾರಕ್ಕೆ ದುಡ್ಡು ಕೊಡುವ ಮುಂಚೆ ಒಂದು ಷರತ್ತು ಹಾಕಲಿ. ಹಳೆಯ ಗುಡಿಯ ಫೋಟೋ ತೆಗೆಯಬೇಕು. ಹಳೆಯ ಕಲ್ಲನ್ನು ನೀರಿಗೆ ಬಿಡದೆ ಆವರಣದಲ್ಲೇ ಒಂದು ಕಟ್ಟೆ ಮಾಡಿ ಇಡಬೇಕು. ಅಸಾದಿಯೋ ಗುಡ್ಡನೋ ತಮ್ಮಡಿಯೋ, ಕಥೆ ಬಲ್ಲವರು ಇದ್ದರೆ ಕೂರಿಸಿ ರೆಕಾರ್ಡು ಮಾಡಬೇಕು. ಈಗ ಎಲ್ಲರ ಜೇಬಿನಲ್ಲೂ ಮೊಬೈಲಿದೆ. ಆಮೇಲೆ ದಾನಿಗಳ ಹೆಸರು ಕೆತ್ತುವ ಕಲ್ಲಿನಲ್ಲಿಯೇ ಮೇಲೆ ನಾಲ್ಕು ಸಾಲು ಇರಲಿ: ಇಲ್ಲಿದ್ದ ಅಮ್ಮನ ಹೆಸರೇನು, ಯಾವ ಯಾವ ಮನೆಯವರು ಅವಳಿಗೆ ಏನು ಸೇವೆ ಮಾಡುತ್ತಿದ್ದರು, ಅವಳಿಗೆ ಏನು ಎಡೆಯಿಡುತ್ತಿದ್ದರು. ಕುಲ್ಲಹಣ ರಾಹುತ ತನ್ನ ಹೆಸರು, ಹೆಂಡತಿಯ ಹೆಸರು, ಶಿಲ್ಪಿಯ ಹೆಸರು ಬರೆಸಿಟ್ಟನಲ್ಲ, ಅಷ್ಟೇ ಕೆಲಸ.

ನಮ್ಮೂರ ಸಮಿತಿಗೆ ಈ ಅರ್ಜಿಯನ್ನು ಬರೆದುಕೊಟ್ಟೆ. ಕಲ್ಲಿನ ದುಡ್ಡು ನಾನೇ ಕೊಡುತ್ತೇನೆಂದೂ ಸೇರಿಸಿದೆ. ಸಭೆಯಲ್ಲಿ ಕರಿಯಮ್ಮನ ಹೆಸರಿಗೆ ಯಾರೂ ಅಡ್ಡಿ ಹೇಳಲಿಲ್ಲ, ಹಳಬರು ಕೆಲವರು ಖುಷಿಪಟ್ಟರು. ಅಸಾದಿ ಮನೆಯ ಹೆಸರು ಬಂದಾಗ ಸ್ವಲ್ಪ ಗುಸುಗುಸು ಎದ್ದು, ಅದೂ ಒಪ್ಪಿಗೆಯಾಯಿತು. ಎಡೆಯ ಸಾಲಿಗೆ ಬಂದು ನಿಂತಿದೆ. 'ಮರಿ' ಎಂದು ಬರೆಯಬಾರದು, 'ನೈವೇದ್ಯ' ಎಂದರೆ ಸಾಕು ಎಂದು ಕಾರ್ಯದರ್ಶಿ. ನೈವೇದ್ಯ ಎಂದರೆ ನಾಳೆ ಪುಳಿಯೋಗರೆ ಅಂದುಕೊಳ್ಳುತ್ತಾರೆ ಎಂದು ಪೂಜಾರಿ ಮನೆಯ ಹಿರಿಯ. ಯುಗಾದಿ ಆದ ಮೇಲೆ ಮತ್ತೆ ಸಭೆ ಕರೆದಿದ್ದಾರೆ.